ವಾಕಿಂಗ್ ತಪ್ಪಿತೆಂದು ಎಲ್ಲಾ ಬಿಟ್ಟುಬಿಡಬೇಕಾ?

ಯುಗಾದಿಗೆ ಸೀರೆಯ ಜೊತೆ ಒಂದು ಜತೆ ಷೂ ಕೂಡ ತಂದುಕೊಂಡಿರಿ. ಹಬ್ಬದ ಮಾರನೇ ದಿನದಿಂದಲೇ ಬೆಳಗ್ಗೆ ಐದೂವರೆಗೆ ಎದ್ದು ವಾಕಿಂಗ್. ಮೊದಲ ವಾರ ಒಂದು ದಿನವೂ ತಪ್ಪಲಿಲ್ಲ. ಎದುರು ಮನೆಯವರು 'ಏನ್ರೀ, ಒಂದು ಸುತ್ತು ಇಳಿದ ಹಾಗೆ ಕಾಣ್ತೀರಲ್ಲ' ಎಂದಿದ್ದೂ ಆಯ್ತು. ಎರಡನೇ ವಾರ ಊರಿಂದ ನಾದಿನಿ, ಮಕ್ಕಳು ಬಂದರು. ನಾಲ್ಕು ದಿನ ತಪ್ಪಿತು. ಅವರು ಹೊರಟ ಮೇಲೆ ಮಗಳಿಗೆ ಜ್ವರ. ಜ್ವರ ಬಿಟ್ಟಿತು ಅನ್ನುವಷ್ಟರಲ್ಲಿ ನಲ್ಲಿ ನೀರು ಬಿಡುವ ಹೊತ್ತು ಐದೂವರೆಗೇ ಬದಲಾಯ್ತು, ಸಂಪು ತುಂಬಿಸಿಕೊಳ್ಳದೆ ಹೊರಗೆ ಹೋಗುವ ಹಾಗಿಲ್ಲ. ಷೂ ಈಗ ಡಬ್ಬಿ ಸಮೇತ ಬೀರುವಿನ ಮೇಲಿದೆ. ಯಾರಾದರೂ ಕೇಳಿದರೆ 'ಅಯ್ಯೋ, ವ್ಯಾಯಾಮ ಗೀಯಾಮ ನನ್ನ ಕೈಲಿ ಆಗೋದಲ್ಲ ಬಿಡಿ' ಅಂತೀರಿ.

ನಿಮ್ಮ ಕೈಲಿ ಆಗೋದಿಲ್ಲ ಅನ್ನೋದು ಸುಳ್ಳು. ಆಗದೇ ಹೋಗಿದ್ದು ಆ ವೇಳಾಪಟ್ಟಿ. ದಿನಾ ಅದೇ ಹೊತ್ತು, ಅದೇ ರಸ್ತೆ, ಅದೇ ನಲವತ್ತೈದು ನಿಮಿಷ ಎನ್ನುವ ಕಟ್ಟುಪಾಡು ಯಾರಿಗೆ ನಡೆಯುತ್ತೆ ಹೇಳಿ? ಎದ್ದ ಕೂಡಲೇ ಕಾಫಿ ಕೈಗೆ ಬರುವವರಿಗೆ, ಟಿಫನ್ ಡಬ್ಬಿ ತಾನಾಗೇ ತುಂಬಿಕೊಳ್ಳುವ ಮನೆಯವರಿಗೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅಂದರೆ ನಮ್ಮದು ಹತ್ತಿರಹತ್ತಿರ ಐದು ಗಂಟೆ. ಅದೂ ಒಂದೇ ಉಸಿರಿಗೆ ಮುಗಿಯುವ ಐದು ಗಂಟೆಯಲ್ಲ. ಹಾಲಿನವರು, ಗ್ಯಾಸಿನವರು, ಸ್ಕೂಲ್ ವ್ಯಾನು, ಅತ್ತೆಯ ಮಾತ್ರೆ ಅಂತ ದಿನವೆಲ್ಲ ಚೂರುಚೂರಾಗಿ ಹರಡಿಕೊಂಡಿರುವ ಐದು ಗಂಟೆ. ಇಂಥ ದಿನದೊಳಗೆ ಅಲುಗಾಡದ ಒಂದು ಮುಕ್ಕಾಲು ಗಂಟೆಯನ್ನು ನೆಡಲು ಹೋದರೆ ಅದು ಉರುಳದೆ ಇನ್ನೇನಾಗುತ್ತೆ?

'ಐದು ಗಂಟೆ ಮನೆಗೆಲಸ ಮಾಡ್ತೀನಲ್ಲ, ಮತ್ಯಾಕೆ ವ್ಯಾಯಾಮ' ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಒಂದು ಅಂದಾಜು ನೋಡಿ: 2022ರಲ್ಲಿ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು 42. ಮನೆಗೆಲಸವನ್ನೂ ಲೆಕ್ಕಕ್ಕೆ ಹಿಡಿದೇ ಬಂದ ಸಂಖ್ಯೆ ಇದು. ದಿನವಿಡೀ ದಣಿಯುವವರು ನಾವು, ಆದರೂ ಲೆಕ್ಕದಲ್ಲಿ ಹಿಂದೆ! ಯಾಕೆ ಅಂದರೆ ನಮ್ಮ ದಣಿವು ಬಹುಪಾಲು ನಿಂತು ನಿಂತು ಬರುವ ದಣಿವು. ತರಕಾರಿ ಹೆಚ್ಚುವಾಗ, ದೋಸೆ ಹುಯ್ಯುವಾಗ, ಇಸ್ತ್ರಿ ಮಾಡುವಾಗ ಸೊಂಟ ನೋಯುತ್ತೆ, ಪಾದ ಉರಿಯುತ್ತೆ, ಆದರೆ ಎದೆಬಡಿತ ಏರುವುದಿಲ್ಲ. ನಮ್ಮ ಅಜ್ಜಿಯರ ಕಾಲದ ಬೀಸುಕಲ್ಲು, ಒನಕೆ, ಬಾವಿ ಹಗ್ಗ ಈಗ ಮಿಕ್ಸಿ, ಗ್ರೈಂಡರ್, ಮೋಟಾರಿನ ಸ್ವಿಚ್ಚಾಗಿವೆ. ಅವು ಬಂದದ್ದು ಒಳ್ಳೆಯದೇ. ಒನಕೆ ಕಾಲ ಚೆನ್ನಾಗಿತ್ತು ಅಂತ ಹಾಡಿಹೊಗಳುವವರು ಒಂದು ಸೇರು ಭತ್ತ ಕುಟ್ಟಿ ತೋರಿಸಲಿ! ಆದರೆ ಅವು ಕಿತ್ತುಕೊಂಡು ಹೋದದ್ದನ್ನು ಬೇರೆ ದಾರಿಯಲ್ಲಿ ತುಂಬಿಸಿಕೊಳ್ಳಬೇಕಲ್ಲ.

ನಿಮ್ಮ ಯಾವ ಕೆಲಸ ಲೆಕ್ಕಕ್ಕೆ ಬರುತ್ತೆ, ಯಾವುದು ಬರೋದಿಲ್ಲ ಅಂತ ತಿಳಿಯಲು ಸುಲಭದ ಉಪಾಯವಿದೆ. ಕೆಲಸ ಮಾಡುತ್ತಲೇ ಪಕ್ಕದವರ ಜೊತೆ ಮಾತಾಡಬಹುದು, ಆದರೆ ಒಂದು ದೇವರನಾಮವನ್ನು ಪೂರ್ತಿ ಹಾಡಲು ಉಸಿರು ಸಾಲದು ಅನ್ನುವ ಹಂತ ಬಂದರೆ ಅದು ಸರಿಯಾದ ಶ್ರಮ. ಕುಕ್ಕರುಗಾಲಲ್ಲಿ ಕೂತು ಇಡೀ ಮನೆ ನೆಲ ಒರೆಸಿ ನೋಡಿ, ಹಾಡಲಾಗೋದಿಲ್ಲ. ಕಂಬಳಿ, ಬೆಡ್‌ಶೀಟುಗಳನ್ನು ಕೈಯಲ್ಲಿ ಒಗೆದು, ಹಿಂಡಿ, ಮಹಡಿ ಹತ್ತಿ ಒಣಹಾಕಿದರೂ ಅಷ್ಟೇ. ಅವು ಲೆಕ್ಕಕ್ಕುಂಟು. ಅನ್ನಕ್ಕಿಟ್ಟು ಒಲೆ ಮುಂದೆ ನಿಂತದ್ದು ಲೆಕ್ಕಕ್ಕಿಲ್ಲ.

ಇನ್ನು ಎಷ್ಟು ಬೇಕು ಅನ್ನೋ ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. 65 ದಾಟಿದವರಿಗೆ ಇದರ ಜೊತೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವೂ ಇರಬೇಕು. ಇಲ್ಲಿ ನಮಗೆ ಬಹಳ ಅನುಕೂಲದ ಒಂದು ಬದಲಾವಣೆಯಿದೆ. 2010ರ ಸೂಚನೆಯಲ್ಲಿ, ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕಕ್ಕೆ ಸೇರಿಸಬಹುದು ಎಂದಿತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದುಹಾಕಿದರು. ಐದು ನಿಮಿಷ ಮೆಟ್ಟಿಲು ಹತ್ತಿಳಿದರೂ ಸೇರುತ್ತೆ, ತರಕಾರಿ ಅಂಗಡಿಗೆ ಬಿರಬಿರನೆ ನಡೆದು ಹೋದ ಎಂಟು ನಿಮಿಷವೂ ಸೇರುತ್ತೆ. ಚೂರುಚೂರಾದ ನಮ್ಮ ದಿನಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಒಂದು ಮಾತು ಕೇಳ್ತೀನಿ. ಮನೆಯಲ್ಲಿ ತೊಗರಿಬೇಳೆ ಮುಗಿದುಹೋಗಿದೆ ಅಂತ ನೀವು ಯಾವತ್ತಾದರೂ ಅಡುಗೆಯನ್ನೇ ಬಿಟ್ಟು ಕೂತದ್ದುಂಟಾ? ಹುಣಸೆಹಣ್ಣು ಕಿವುಚಿ ಗೊಜ್ಜು ಮಾಡ್ತೀರಿ, ಮಜ್ಜಿಗೆಗೆ ಒಗ್ಗರಣೆ ಕೊಟ್ಟು ತಂಬುಳಿ ಮಾಡ್ತೀರಿ, ಏನೂ ಇಲ್ಲದಿದ್ದರೆ ಒಂದು ಚಿತ್ರಾನ್ನ ಕಲಸಿ ಹಾಕ್ತೀರಿ. ಮನೆಮಂದಿ ಉಪವಾಸ ಮಲಗೋದಿಲ್ಲ. ಇದೇ ಜಾಣತನವನ್ನು ವ್ಯಾಯಾಮಕ್ಕೆ ಯಾಕೆ ತರಬಾರದು? ವಾಕಿಂಗ್ ಅನ್ನೋದು ಬೇಳೆಸಾರು ಇದ್ದ ಹಾಗೆ. ದಿನನಿತ್ಯಕ್ಕೆ ಒಳ್ಳೆಯದು, ಖರ್ಚು ಕಡಿಮೆ, ಎಲ್ಲರಿಗೂ ಒಗ್ಗುತ್ತೆ. ಆದರೆ ಅದೊಂದನ್ನೇ ನಂಬಿ ಕೂತರೆ ಅದು ತಪ್ಪಿದ ದಿನ ಎಲ್ಲವೂ ತಪ್ಪುತ್ತೆ. ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯಕ್ಕೆ ಬೇರೆ ಬೇರೆ ಬಟ್ಟಲು ಇರೋ ಹಾಗೆ ವ್ಯಾಯಾಮಕ್ಕೂ ನಾಲ್ಕಾರು ಬಟ್ಟಲು ಇಟ್ಟುಕೊಳ್ಳಬೇಕು. ಇವತ್ತು ಯಾವುದು ಸಾಧ್ಯವೋ ಅದಕ್ಕೆ ಕೈ ಹಾಕಬೇಕು.

ಬೇರೆ ಬೇರೆ ಬಟ್ಟಲು ಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಅನುಕೂಲಕ್ಕಿಂತ ದೊಡ್ಡದು. ವಾಕಿಂಗ್ ಒಂದರಿಂದ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಉಪಕಾರವಿದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತೆ. ಆದರೆ ತೋಳು, ಭುಜ, ಬೆನ್ನಿಗೆ ಅದರಿಂದ ಬಲ ಬರೋದಿಲ್ಲ. ಮೂವತ್ತು ದಾಟಿದ ಮೇಲೆ ಸುಮ್ಮನಿದ್ದರೆ ಸ್ನಾಯು ನಿಧಾನಕ್ಕೆ ಕರಗುತ್ತಾ ಹೋಗುತ್ತೆ. ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಮೂಳೆಯ ಸವೆತವೂ ಜೋರು. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46-47ರ ಹೊತ್ತಿಗೆ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮೊದಲೇ. ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ನೀವೇ ನೋಡಿಕೊಂಡಿರಬಹುದು. ಹಾಸಿಗೆಯಿಂದ ಏಳಿಸಿ, ಸ್ನಾನ ಮಾಡಿಸಿ, 'ಯಾರಿಗೂ ಹೊರೆಯಾಗಬಾರದಿತ್ತಮ್ಮಾ' ಅನ್ನುವ ಅವರ ಮಾತು ಕೇಳಿ... ಬೀಳದ ಹಾಗೆ ನೋಡಿಕೊಳ್ಳುವುದು ಕಾಲಿನ ಬಲ, ಬಿದ್ದರೂ ಮೂಳೆ ತಡೆದುಕೊಳ್ಳುವ ಹಾಗೆ ಮಾಡುವುದು ನಲವತ್ತರಿಂದಲೇ ಸ್ನಾಯುವಿಗೆ ಕೊಟ್ಟ ಕೆಲಸ. ಸಣ್ಣಗಾಗೋದು ಆಮೇಲಿನ ಮಾತು. ತೂಕದ ಯಂತ್ರದ ಮುಳ್ಳು ಅಲ್ಲಾಡಲಿಲ್ಲ ಅಂತ ವ್ಯಾಯಾಮ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತೆ.

ಬಲ ಅಂದ ತಕ್ಷಣ ಜಿಮ್ಮಿಗೆ ವರ್ಷದ ಫೀಸು ಕಟ್ಟಿ ಬರಬೇಡಿ. ಮೊದಲು ಮನೆಯಲ್ಲೇ ನೋಡಿ. ಕೈಯಿಲ್ಲದ ಗಟ್ಟಿಮುಟ್ಟಾದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಎರಡೂ ಕೈ ಎದೆಗೆ ಕಟ್ಟಿಕೊಂಡು ಕೂತು ಏಳಿ, ಎಂಟು ಹತ್ತು ಸಲ. ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತು ಅಂಗೈ ಊರಿ, ಮೊಣಕೈ ಮಡಚುತ್ತಾ ಗೋಡೆಯ ಕಡೆ ವಾಲಿ ಹಿಂದಕ್ಕೆ ತಳ್ಳಿ. ಒಂದು ಲೀಟರ್ ನೀರು ತುಂಬಿದ ಬಾಟಲಿ ಸರಿಯಾಗಿ ಒಂದು ಕೆಜಿ. ಕೈಗೊಂದು ಹಿಡಿದು ಭುಜದ ಮೇಲಕ್ಕೆ ಎತ್ತಿ ಇಳಿಸಿ. ಅಭ್ಯಾಸವಾದ ಮೇಲೆ ಐದು ಕೆಜಿ ಗೋಧಿಹಿಟ್ಟಿನ ಚೀಲವನ್ನು ನೆಲದಿಂದ ಎತ್ತುವುದು. ಬೆನ್ನು ಬಾಗಿಸದೆ, ಸೊಂಟ ಮತ್ತು ಮಂಡಿ ಮಡಚಿ, ಚೀಲವನ್ನು ಮೈಗೆ ಒತ್ತಿಕೊಂಡು ಏಳಬೇಕು. ಒಂದೊಂದೂ ಎಂಟರಿಂದ ಹನ್ನೆರಡು ಸಲ. ಕೊನೆಯ ಎರಡು ಸಲ 'ಸಾಕಪ್ಪಾ' ಅನ್ನಿಸಬೇಕು. ಅನ್ನಿಸದಿದ್ದರೆ ಭಾರ ಕಡಿಮೆಯಾಯಿತು ಅಂತ ಅರ್ಥ. ಎಲ್ಲಾ ಸೇರಿ ಇಪ್ಪತ್ತು ನಿಮಿಷದ ಕೆಲಸ, ವಾರಕ್ಕೆ ಎರಡೇ ದಿನ. ಉಸಿರು ಮಾತ್ರ ಬಿಗಿ ಹಿಡಿಯಬೇಡಿ, ಎತ್ತುವಾಗ ಉಸಿರು ಬಿಡಿ.

ಹಾಲು ಕಾಯುವವರೆಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬಹುದು. ಪಾತ್ರೆ ತೊಳೆಯುವಾಗ ಸಿಂಕಿನ ಅಂಚು ಹಿಡಿದು ಒಂದು ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲಬಹುದು, ಆಮೇಲೆ ಇನ್ನೊಂದು ಕಾಲು. ಸಮತೋಲನದ ಅಭ್ಯಾಸ ಅಂದರೆ ಇದೇ. (ಒಂಟಿ ಕಾಲಿನ ಸಾಹಸ ಒಲೆ ಮುಂದೆ ಬೇಡ, ದಯವಿಟ್ಟು!)

ನೆಲದ ವಿಚಾರ ಹೇಳದಿದ್ದರೆ ಈ ಮಾತು ಪೂರ್ತಿಯಾಗೋದಿಲ್ಲ. ನೀವು ಕೊನೆಯ ಸಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಿದ್ದು ಯಾವಾಗ? ಯಾವುದೋ ಮಠದಲ್ಲೋ, ದೇವಸ್ಥಾನದಲ್ಲೋ ಇರಬೇಕು. ಈಗ ಡೈನಿಂಗ್ ಟೇಬಲ್ಲು, ಕಮೋಡು, ಸೋಫಾ, ನಿಂತು ಒರೆಸುವ ಮಾಪು. ಕೂತು ಏಳುವ ಕೆಲಸವೇ ಮನೆಯಿಂದ ಹೊರಟುಹೋಗಿದೆ. ನಮ್ಮ ಅಜ್ಜಿಯರು ಎಪ್ಪತ್ತರಲ್ಲೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಉದ್ದಕ್ಕೆ ಜರುಗುತ್ತಾ ರಂಗೋಲಿ ಬಿಡುತ್ತಿದ್ದರು. ಅದಕ್ಕೆ ಅವರು ಯಾವ ಕ್ಲಾಸಿಗೂ ಹೋಗಿರಲಿಲ್ಲ, ದಿನಾ ಮಾಡುತ್ತಿದ್ದರು, ಅಷ್ಟೇ. ಬ್ರೆಜಿಲ್‌ನ ವೈದ್ಯರು 51ರಿಂದ 80 ವಯಸ್ಸಿನ ಎರಡು ಸಾವಿರ ಜನರನ್ನು ಪರೀಕ್ಷಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈ, ಮಂಡಿ ಊರದೆ ನೆಲದಲ್ಲಿ ಕೂತು ಮತ್ತೆ ಏಳಲು ಆಗುತ್ತದೆಯೇ ಎನ್ನುವುದೇ ಪರೀಕ್ಷೆ. ಹೆಚ್ಚು ಆಸರೆ ಬೇಕಾದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಏಳಲಾಗದ್ದೇ ಸಾವಿಗೆ ಕಾರಣ ಅಂತಲ್ಲ. ಬಲ, ಸಮತೋಲನ, ಕೀಲುಗಳ ಸಡಿಲಿಕೆ ಮೂರೂ ಹೇಗಿವೆ ಅಂತ ಅದೊಂದೇ ಕೆಲಸ ತೋರಿಸಿಬಿಡುತ್ತೆ. ಮಂಡಿ ಚೆನ್ನಾಗಿರುವವರು ದಿನಕ್ಕೆ ಒಂದು ಕೆಲಸವನ್ನಾದರೂ ನೆಲದ ಮೇಲೆ ಇಟ್ಟುಕೊಳ್ಳಿ. ಸೊಪ್ಪು ಸೋಸುವುದು, ಬಟ್ಟೆ ಮಡಚುವುದು, ಹೂ ಕಟ್ಟುವುದು, ಏನಾದರೂ ಆಗಲಿ. ಮಂಡಿ ಸವೆದಿದೆ ಎಂದು ವೈದ್ಯರು ಹೇಳಿದ್ದರೆ ಈ ಹಟ ಬೇಡ, ನಿಮಗೆ ಕುರ್ಚಿಯ ವ್ಯಾಯಾಮವೇ ಸಾಕು.

ಕುರ್ಚಿಯದ್ದೂ ಒಂದು ಪರೀಕ್ಷೆಯಿದೆ. ಅಮ್ಮನೋ ಅತ್ತೆಯೋ ಮನೆಯಲ್ಲಿದ್ದರೆ ಮಾಡಿಸಿ ನೋಡಿ, ನೀವು ಪಕ್ಕದಲ್ಲೇ ನಿಂತಿರಿ. ಕೈ ಎದೆಗೆ ಕಟ್ಟಿ ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಅಂತ ಎಣಿಸಿ. ಅಮೆರಿಕದ ಸಿಡಿಸಿ ಬಳಸುವ ಲೆಕ್ಕದಲ್ಲಿ, 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆ, 65ರಿಂದ 69ರವರಿಗೆ 11ಕ್ಕಿಂತ ಕಡಿಮೆ, 70ರಿಂದ 74ರವರಿಗೆ 10ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು. ನೀವೂ ಎಣಿಸಿಕೊಳ್ಳಿ. ನಲವತ್ತೈದಕ್ಕೇ ಹನ್ನೊಂದು ಬಂದರೆ ಏನರ್ಥ ಅಂತ ನಾನು ಹೇಳಬೇಕಾಗಿಲ್ಲ.

ಈಗ ಬಟ್ಟಲುಗಳಿಗೆ ಏನೇನು ತುಂಬಿಸಬಹುದು ನೋಡೋಣ. ವರ್ಷ ಇಡೀ ಒಂದೇ ರೀತಿ ಇರೋದಿಲ್ಲ ಅನ್ನೋದು ಮನೆ ನಡೆಸುವ ನಿಮಗೆ ಗೊತ್ತಿಲ್ಲದ್ದೇನಲ್ಲ. ಜೂನ್‌ನಲ್ಲಿ ಸ್ಕೂಲು ಶುರು, ಜೊತೆಗೆ ಮಳೆ. ಕರಾವಳಿ, ಮಲೆನಾಡಿನವರಿಗಂತೂ ಎರಡು ಮೂರು ತಿಂಗಳು ಹೊರಗಿನ ವಾಕಿಂಗ್ ಮರೆತೇಬಿಡಬೇಕು. ಅದು ಸೂರ್ಯ ನಮಸ್ಕಾರಕ್ಕೆ, ಮೆಟ್ಟಿಲಿಗೆ, ಹಾಲ್‌ನಲ್ಲಿ ಹಳೇ ಸಿನಿಮಾ ಹಾಡು ಹಾಕಿಕೊಂಡು ಕುಣಿಯುವುದಕ್ಕೆ ಹೊತ್ತು. ನಗಬೇಡಿ, ಎರಡು ಹಾಡಿಗೆ ಕುಣಿದು ನೋಡಿ, ಮೂರನೆಯದಕ್ಕೆ ಏದುಸಿರು ಬರುತ್ತೆ. ಶ್ರಾವಣದಿಂದ ದೀಪಾವಳಿವರೆಗೆ ಹಬ್ಬಗಳ ಸಾಲು. ಆಗ ಮನೆ ಸಾರಿಸಿ, ಅಟ್ಟ ಇಳಿಸಿ, ಧೂಳು ಹೊಡೆಯುವುದೇ ಶ್ರಮದ ಬಟ್ಟಲು ತುಂಬಿಸಿಬಿಡುತ್ತೆ. ಆ ವಾರಗಳಲ್ಲಿ ಬೇಕಾಗುವುದು ಬೆನ್ನು, ಭುಜ ಸಡಿಲಿಸುವ ಹತ್ತು ನಿಮಿಷದ ಆಸನಗಳು. ನಿಮ್ಮ ಮಹಿಳಾ ಸಮಾಜದಲ್ಲಿ ಕೋಲಾಟ ಕಲಿಸುವವರಿದ್ದರೆ ಬಿಡಬೇಡಿ. ಕೈ, ಕಾಲು, ಲೆಕ್ಕ, ನೆನಪು ಎಲ್ಲಕ್ಕೂ ಕೆಲಸ ಕೊಡುವ ಅಂಥ ವ್ಯಾಯಾಮ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಜೊತೆಗೆ ನಗುವೂ ಉಚಿತ.

ಚಳಿಗಾಲದಲ್ಲಿ ಹೊರಗೆ ಹೋಗಿ. ಬೆಂಗಳೂರಿನವರಿಗೆ ಲಾಲ್‌ಬಾಗ್, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಏರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಮಂಗಳೂರಿನವರಿಗೆ ಕದ್ರಿ ಪಾರ್ಕ್. ಬೆಳಗ್ಗೆ ಐದೂವರೆಗೇ ಆಗಬೇಕು ಅಂತ ಯಾವ ಶಾಸ್ತ್ರವೂ ಇಲ್ಲ. ಕತ್ತಲಲ್ಲಿ ಒಬ್ಬರೇ ಹೊರಟು ಸರಗಳ್ಳರಿಗೆ, ಬೀದಿನಾಯಿಗಳಿಗೆ ಹೆದರಿಕೊಂಡು ನಡೆಯುವ ಬದಲು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವಾಗ ಎರಡು ರಸ್ತೆ ಸುತ್ತಿ ಬನ್ನಿ. ಸೀರೆ ಮೇಲೆ ಷೂ ಹಾಕಿದರೆ ಜನ ನೋಡ್ತಾರೆ ಅನ್ನೋ ಸಂಕೋಚ ಇದ್ದರೆ ಎರಡು ದಿನ ನೋಡಲಿ ಬಿಡಿ, ಮೂರನೇ ದಿನ ಅವರಿಗೇ ಬೇಜಾರಾಗುತ್ತೆ. ಜಾರುವ ಹವಾಯಿ ಚಪ್ಪಲಿಯಲ್ಲಿ ಮಾತ್ರ ಬಿರುಸು ನಡಿಗೆ ಬೇಡ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಪಾರ್ಕಿಗೆ, ಕೆರೆಗೆ ಹೋಗಿಬರಲು ಬಸ್ ಚಾರ್ಜಿನ ಚಿಂತೆಯೂ ಇಲ್ಲದಾಯಿತು. ಬಸ್ಸಿನಲ್ಲಿ ಎಲ್ಲಿಗೇ ಹೊರಟರೂ ಒಂದು ಸ್ಟಾಪ್ ಮೊದಲೇ ಇಳಿದು ನಡೆಯುವುದು ಒಳ್ಳೆಯ ಉಪಾಯ.

ರಥಸಪ್ತಮಿಗೆ ಎಷ್ಟೋ ಕಡೆ ಯೋಗ ಕೇಂದ್ರದವರು ಸಾಮೂಹಿಕವಾಗಿ 108 ಸೂರ್ಯ ನಮಸ್ಕಾರ ಮಾಡಿಸುತ್ತಾರೆ. ಒಳ್ಳೆಯದೇ. ಆದರೆ ವರ್ಷವೆಲ್ಲ ಸುಮ್ಮನಿದ್ದು ಅವತ್ತೊಂದು ದಿನ ನೂರೆಂಟು ಹಾಕಿ ಮೂರು ದಿನ ಎಣ್ಣೆ ಹಚ್ಚಿಸಿಕೊಂಡು ಮಲಗುವುದಕ್ಕಿಂತ ಉಳಿದ ದಿನ ಆರಾರು ಹಾಕುವುದು ವಾಸಿ. ಯೋಗ ನನ್ನ ವಯಸ್ಸಿಗಲ್ಲ, ನನ್ನ ಮೈಗಲ್ಲ ಅನ್ನುವವರಿಗೆ ಒಂದು ವಿಷಯ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ರೋಗಿಷ್ಠ ಹುಡುಗ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತ ಅವರೇ ಮುಂದೆ ಕುರ್ಚಿ, ಹಗ್ಗ, ಮರದ ತುಂಡು, ಬೆಲ್ಟುಗಳ ಆಸರೆಯಲ್ಲಿ ಆಸನ ಮಾಡಿಸುವ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿದ್ದು. ಬಗ್ಗಿದರೆ ಕೈ ಪಾದಕ್ಕೆ ಎಟುಕುವುದಿಲ್ಲವೇ? ಕುರ್ಚಿಯ ಮೇಲೆ ಇಡಿ. ಅದರಲ್ಲಿ ನಾಚಿಕೆ ಏನಿದೆ?

ಮಾರ್ಚ್ ತಿಂಗಳು ಮಕ್ಕಳ ಪರೀಕ್ಷೆ. ನಿಮಗೂ ಪರೀಕ್ಷೆಯೇ! ಆ ತಿಂಗಳು ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ರಾತ್ರಿ ಊಟವಾದ ಮೇಲೆ ಓದಿ ಓದಿ ಬೇಸತ್ತ ಮಗನನ್ನೂ ಎಬ್ಬಿಸಿಕೊಂಡು ಹತ್ತು ನಿಮಿಷ ಟೆರೇಸಿನಲ್ಲಿ ಅಡ್ಡಾಡಿ, ಅವನಿಗೂ ಒಳ್ಳೆಯದು. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳ ಜೊತೆ ಶಟಲ್, ಹಗ್ಗದಾಟ, ಕುಂಟೆಬಿಲ್ಲೆ. ಕುಂಟೆಬಿಲ್ಲೆ ಅಂದರೆ ಒಂಟಿ ಕಾಲಿನ ಸಮತೋಲನ, ಬಗ್ಗಿ ಬಿಲ್ಲೆ ಎತ್ತುವುದು, ಹಾರುವುದು... ಎಲ್ಲಾ ಸೇರಿರುವ ಆಟ. ಹತ್ತು ವರ್ಷದವಳಿದ್ದಾಗ ಯಾರೂ ಹೇಳದೆ ಮಾಡುತ್ತಿದ್ದಿರಿ. ಹತ್ತಿರದಲ್ಲಿ ಹೆಂಗಸರಿಗೇ ಬೇರೆ ಹೊತ್ತು ಇರುವ ಈಜುಕೊಳವಿದ್ದರೆ ಬೇಸಗೆಯಲ್ಲಿ ಸೇರಿಕೊಳ್ಳಿ. ಮಂಡಿ ನೋವಿನವರಿಗೆ ನೀರಿನಲ್ಲಿ ನಡೆಯುವುದೂ ಹಿತ, ಮೈ ಭಾರ ಕೀಲಿನ ಮೇಲೆ ಬೀಳೋದಿಲ್ಲ.

ಹಗ್ಗದಾಟ ಅಂದಾಗ ಕೆಲವರ ಮುಖ ಚಿಕ್ಕದಾಗುತ್ತೆ. ಕಾರಣ ನನಗೆ ಗೊತ್ತು, ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಹೆರಿಗೆಯಾದ ಮೇಲೆ, ಮುಟ್ಟು ನಿಲ್ಲುವ ಹೊತ್ತಿಗೆ, ಹಾರಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ ಮೂತ್ರ ಹನಿಯುವ ತೊಂದರೆ ಬಹಳ ಹೆಂಗಸರಿಗಿದೆ. ಈ ಒಂದು ಮುಜುಗರಕ್ಕೆ ಆಟ, ಕುಣಿತ, ವಾಕಿಂಗ್ ಎಲ್ಲಾ ಬಿಟ್ಟು ಮನೆಯೊಳಗೆ ಕೂತವರಿದ್ದಾರೆ. 1948ರಲ್ಲೇ ಆರ್ನಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ತಜ್ಞರು ಇದಕ್ಕೊಂದು ವ್ಯಾಯಾಮ ಬರೆದಿಟ್ಟಿದ್ದಾರೆ. ಮೂತ್ರ ತಡೆಯುವಾಗ ಒಳಗೆ ಯಾವ ಸ್ನಾಯು ಬಿಗಿಯಾಗುತ್ತದೋ ಅದನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಬಾರಿ. ಹೊಟ್ಟೆ, ತೊಡೆ ಬಿಗಿಯಬಾರದು. ಮೂತ್ರಕ್ಕೆ ಹೋಗುತ್ತಿರುವಾಗ ತಡೆದು ತಡೆದು ಅಭ್ಯಾಸ ಮಾಡಬಾರದು. ಬಸ್ಸಿನಲ್ಲಿ ಕೂತೂ ಮಾಡಬಹುದು, ಯಾರಿಗೂ ತಿಳಿಯೋದಿಲ್ಲ. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಅಷ್ಟಾದರೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ಹೇಳಿ, ಇದಕ್ಕೆ ಚಿಕಿತ್ಸೆಗಳಿವೆ. ಅಲ್ಲಿಯವರೆಗೆ ಹಗ್ಗ ಬಿಟ್ಟು ಬೇರೆ ಬಟ್ಟಲಿಗೆ ಕೈ ಹಾಕಿ.

ಮಗ ಫೋನಿನಲ್ಲಿ ಹಾಕಿಕೊಟ್ಟ ಹೆಜ್ಜೆ ಎಣಿಸುವ ಲೆಕ್ಕ ನೋಡಿ ಕೊರಗುವವರೂ ಇದ್ದಾರೆ. 'ಹತ್ತು ಸಾವಿರ ಆಗಲೇ ಇಲ್ಲ!' ಈ ಹತ್ತು ಸಾವಿರ ಯಾವ ವೈದ್ಯರೂ ಕೊಟ್ಟ ಲೆಕ್ಕವಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಕೆ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತಿತ್ತು. ಅಲ್ಲಿಂದ ಹಬ್ಬಿದ ಮಾತದು. 2019ರಲ್ಲಿ ಅಮೆರಿಕದಲ್ಲಿ ಸುಮಾರು ಹದಿನೇಳು ಸಾವಿರ ಹಿರಿಯ ಹೆಂಗಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮಾವಿನಹಣ್ಣು ಸಾವಿರ ಸಿಗಲಿಲ್ಲ ಅಂತ ಸಿಕ್ಕ ಹತ್ತನ್ನು ಬಿಸಾಡ್ತೀವಾ?

ತಪ್ಪುವುದು ಖಂಡಿತ ತಪ್ಪುತ್ತೆ. ಮದುವೆ, ಬಾಣಂತನ, ಆಸ್ಪತ್ರೆ, ಸಾವು, ಮನೆ ಬದಲಾಯಿಸುವುದು, ಎಲ್ಲವೂ ಬರುತ್ತೆ. ಬಿಟ್ಟದ್ದಲ್ಲ, ಬಿಟ್ಟ ಮೇಲೆ 'ಸೋಮವಾರದಿಂದ ಶುರು ಮಾಡ್ತೀನಿ' ಅಂತ ಸೋಮವಾರಗಳನ್ನು ಎಣಿಸುವುದು ನಮ್ಮ ತಪ್ಪು. ಮಂಗಳವಾರವೂ ಒಳ್ಳೆಯ ದಿನವೇ! ಹದಿನೈದು ದಿನ ತಪ್ಪಿತೋ, ಮರಳುವಾಗ ಅರ್ಧದಿಂದ ಶುರು ಮಾಡಿ. ಅರ್ಧ ಹೊತ್ತು, ಅರ್ಧ ಭಾರ. ಜ್ವರ ಬಂದು ಹೋಗಿದ್ದರೆ ಅದಕ್ಕೂ ಕಡಿಮೆ. ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬಂದರೆ ಸಾಕು. ಬಿಟ್ಟ ದಿನಗಳ ಬಾಕಿ ತೀರಿಸುತ್ತೀನಿ ಅಂತ ಒಂದೇ ದಿನ ಎರಡರಷ್ಟು ಮಾಡುವವರು ಮೂರನೇ ದಿನ ಮಂಡಿ ಹಿಡಿದುಕೊಂಡು ಕೂರುತ್ತಾರೆ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಅಡುಗೆಮನೆಯಲ್ಲಿ ಇದ್ದೇ ಇರುತ್ತಲ್ಲ. ಅದರಲ್ಲೇ ಪಕ್ಕಕ್ಕೆ ಒಂದು ಅಕ್ಷರ ಬರೆಯಿರಿ. ನಡೆದ ದಿನ 'ನ', ಬಲದ ವ್ಯಾಯಾಮಕ್ಕೆ 'ಬ', ಆಸನಕ್ಕೆ 'ಆ', ಕುಣಿತಕ್ಕೆ 'ಕು'. ವಾರದ ಕೊನೆಯಲ್ಲಿ ನೋಡಿದರೆ ಯಾವ ಬಟ್ಟಲು ಖಾಲಿ ಅಂತ ತಿಳಿಯುತ್ತೆ. ಬರೀ 'ನ' ಇದ್ದರೆ ಮುಂದಿನ ವಾರ ನೀರಿನ ಬಾಟಲಿ ಕೈಗೆತ್ತಿಕೊಳ್ಳಿ. ದಿನದ ಲೆಕ್ಕ ಇಡಬೇಡಿ, ವಾರದ ಲೆಕ್ಕ ಇಡಿ. ಗುರುವಾರ ಏನೂ ಆಗದಿದ್ದರೆ ಶನಿವಾರ ಇದೆ.

ಕೊನೆಗೆ ಉಳಿಯೋದು ಮನೆಯವರ ಮಾತು. 'ಮನೆಗೆಲಸಕ್ಕೆ ಹೊತ್ತಿಲ್ಲ, ಇವಳಿಗೆ ಕುಣಿಯೋದಕ್ಕೆ ಹೊತ್ತಿದೆ' ಅನ್ನುವವರು ಇರ್ತಾರೆ. ಕೆಲವು ಮನೆಗಳಲ್ಲಿ ಗಂಡ ಬೆಳಗ್ಗೆ ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಬಿಸಿ ಕಾಫಿ ತಯಾರಿರಬೇಕು, ಹೆಂಡತಿ ಹೊರಟರೆ 'ತಿಂಡಿ?' ಎನ್ನುವ ಪ್ರಶ್ನೆ. ಜಗಳ ಆಡಿ ಅಂತ ನಾನು ಹೇಳೋದಿಲ್ಲ. ಆದರೆ ಅನುಮತಿ ಕೇಳಬೇಡಿ, ಸುದ್ದಿ ತಿಳಿಸಿ. 'ಮಂಗಳವಾರ, ಶುಕ್ರವಾರ ಸಂಜೆ ಆರರಿಂದ ಆರೂವರೆ ನಾನು ಸಿಗೋದಿಲ್ಲ, ಹಿಟ್ಟು ಫ್ರಿಜ್ಜಿನಲ್ಲಿದೆ' ಅಂತ ಹೇಳಿ, ರೂಮಿನ ಬಾಗಿಲು ಹಾಕಿಕೊಳ್ಳಿ. ಮೊದಲೆರಡು ವಾರ ಬಾಗಿಲು ಬಡಿಯುತ್ತಾರೆ. ಚಾರ್ಜರ್ ಎಲ್ಲಿ, ಉಪ್ಪಿನಡಬ್ಬಿ ಎಲ್ಲಿ, ಅಜ್ಜಿ ಕರೀತಿದ್ದಾರೆ... ಮೂರನೇ ವಾರಕ್ಕೆ ಉಪ್ಪಿನಡಬ್ಬಿ ಅವರಿಗೇ ಸಿಗುತ್ತೆ. ಅತ್ತೆಯವರು ಗೊಣಗಿದರೆ ಕುರ್ಚಿ ಹಾಕಿ ಅವರನ್ನೂ ಸೇರಿಸಿಕೊಳ್ಳಿ. ಮೂವತ್ತು ಸೆಕೆಂಡಿನ ಪರೀಕ್ಷೆಯಲ್ಲಿ ನಿಮಗಿಂತ ಅವರೇ ಮುಂದೆ ಬಂದರೂ ಬರಬಹುದು, ನೆಲದಲ್ಲಿ ಕೂತು ಬೆಳೆದವರು!

ಬಿಪಿ, ಶುಗರ್, ಹೃದಯದ ತೊಂದರೆ ಇರುವವರು, ಬಸುರಿ ಬಾಣಂತಿಯರು ಶುರು ಮಾಡುವ ಮೊದಲು ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಸೆರಗಿನ ತುದಿಯಲ್ಲಿ ನಾಲ್ಕು ಕಲ್ಲುಸಕ್ಕರೆ ಕಟ್ಟಿಕೊಂಡಿರಿ. ಮೊದಲ ವಾರ ಮಾಂಸಖಂಡ ನೋಯುವುದು ಸಹಜ, ಕೀಲು ನೋಯಬಾರದು. ಎದೆ ಬಿಗಿತ, ಎಡಗೈ ಅಥವಾ ದವಡೆ ಸೆಳೆತ, ತಲೆಸುತ್ತು ಕಾಣಿಸಿದರೆ ಅಲ್ಲಿಗೇ ನಿಲ್ಲಿಸಿ, ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ, ಆಸ್ಪತ್ರೆಗೆ ಹೋಗಿ. ಇನ್ನು ಬೀರು ಮೇಲಿರುವ ಷೂ. ಇಳಿಸಿದಾಗ ಒಳಗೆ ಜಿರಳೆ ಇದೆಯಾ ಅಂತ ಒಮ್ಮೆ ಕೊಡವಿ ನೋಡಿ. ಎರಡು ಮೂರು ವರ್ಷದ ಹಳೆಯದಾದರೆ ಅಡಿಯ ಅಂಟು ಬಿಟ್ಟಿರುತ್ತೆ, ಮನೆಯೊಳಗೇ ನಾಲ್ಕು ಸುತ್ತು ಹಾಕಿ ನೋಡಿ ಆಮೇಲೆ ರಸ್ತೆಗಿಳಿಯಿರಿ.